ಬೈಸಿಕಲ್ಲಿನಲ್ಲಿ ಯದುಗಿರಿಗೆ

ಸಂಚಾರವೆಂಬುದು ನಮ್ಮ ಜನಕ್ಕೆ ಹೊಸದಲ್ಲ. ಕಾವಡಿ ಹೊತ್ತು ಕಾಶಿಗೆ ನಡೆದುಹೋದವರ, ಬುತ್ತಿ ಕಟ್ಟಿಕೊಂಡು ತಿರುಪತಿಗೆ ಗಾಡಿ ಹೂಡಿದವರ ಕಥೆಗಳನ್ನು ಅಜ್ಜಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಬಹುಮಂದಿ ಉಂಟು. ಆದರೆ ಆ ಸಂಚಾರಗಳಲ್ಲಿ ಪುಣ್ಯವಿದ್ದುದು ಕ್ಷೇತ್ರದಲ್ಲಿ. ದಾರಿಯಲ್ಲಿ ಇದ್ದುದು ಬರಿಯ ಧೂಳು. ದಾರಿಯನ್ನು ಸಹಿಸಿಕೊಳ್ಳುವುದೂ ಪುಣ್ಯದ ಒಂದು ಭಾಗವೆಂದು ಹಿರಿಯರು ಎಣಿಸಿದ್ದರೇ ಹೊರತು, ದಾರಿಯನ್ನೇ ಸವಿಯುವ ಯೋಚನೆ ಅವರಿಗೆ ಅಷ್ಟಾಗಿ ಬಂದಂತೆ ತೋರುವುದಿಲ್ಲ. ಅನಂತರ ರೈಲು ಬಂದಿತು, ಮೋಟಾರು ಬಂದಿತು. ದಾರಿ ಬೇಗಬೇಗನೆ ಮುಗಿಯತೊಡಗಿತು. ಈಗಂತೂ ಬೆಂಗಳೂರಿನಿಂದ ಮೈಸೂರಿಗೆ ಬಂದಿಳಿದವರನ್ನು ದಾರಿಯಲ್ಲಿ ಏನು ಕಂಡಿರೆಂದು ಕೇಳಿದರೆ, ಸುಂಕದ ಕಟ್ಟೆಯನ್ನು ಕಂಡೆವೆಂದು ಹೇಳುತ್ತಾರೆ.

ನಡಿಗೆಗೂ ಮೋಟಾರಿಗೂ ನಡುವೆ ಇರುವ ವಾಹನ ಬೈಸಿಕಲ್ಲು. ನಡೆಯುವವನು ಗಂಟೆಗೆ 5 ಕಿಲೋಮೀಟರು ಹೋದರೆ, ಬೈಸಿಕಲ್ಲಿನವನು ಹೆಚ್ಚಿನ ಶ್ರಮವಿಲ್ಲದೆ 15 ಕಿಲೋಮೀಟರು ಹೋಗಬಲ್ಲನು. ಬೆಳಗ್ಗೆ ಮನೆ ಬಿಟ್ಟು ಒಂದೆರಡು ತಾಲ್ಲೂಕುಗಳನ್ನು ನೋಡಿಕೊಂಡು ಸಂಜೆಗೆ ಹಿಂತಿರುಗುವಷ್ಟು ವೇಗ ಅದಕ್ಕುಂಟು. ಆಲೆಮನೆಯ ಬೆಲ್ಲದ ವಾಸನೆ ಮೂಗಿಗೆ ಬಂದರೆ, ಅದು ಎಲ್ಲಿಂದ ಬಂದಿತೆಂದು ತಿರುಗಿ ನೋಡುವಷ್ಟು ನಿಧಾನವೂ ಉಂಟು. ಗಂಡಹೆಂಡಿರಿಬ್ಬರು ಈ ವಾಹನವನ್ನೇರಿ ಗುಡ್ಡದ ಸೀಮೆಯಲ್ಲಿ ಒಂದು ದಿನ ಸಂಚರಿಸುವುದೆಂದರೆ ಹೇಗಿರುತ್ತದೆ, ಅದರಲ್ಲಿ ಅನುಸರಿಸಬೇಕಾದ ನೀತಿ ಯಾವುದು, ಎಂಬ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಎರಡು ಚಕ್ರಗಳೂ ಹೆಚ್ಚುಕಡಮೆ ಸಮನಾಗಿದ್ದು, ಚೈನಿನ ಮೂಲಕ ಹಿಂದಿನ ಚಕ್ರ ತಿರುಗುವ ಈಗಿನ ಮಾದರಿಯ ಬೈಸಿಕಲ್ಲನ್ನು ಜನಪ್ರಿಯಗೊಳಿಸಿದವನು ಇಂಗ್ಲೆಂಡಿನ ಕೊವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ. ಅವನ 'ರೋವರ್' ಬಂಡಿ ಹೊರಬಂದುದು 1885ರಲ್ಲಿ. ಗಾಳಿ ತುಂಬಿದ ಟೈರಿಗೆ ಡನ್‌ಲಪ್ ಎಂಬಾತನು ಹಕ್ಕು ಪಡೆದುದು 1888ರಲ್ಲಿ. ಅದಕ್ಕೆ ಮೊದಲು ಇದ್ದ ಬಂಡಿಯ ಮುಂದಿನ ಚಕ್ರ ಆಳೆತ್ತರದ್ದು. ಉದ್ದ ಲಂಗ ತೊಟ್ಟ ಹೆಂಗಸರು ಅದನ್ನು ಏರುವಂತೆಯೇ ಇರಲಿಲ್ಲ. ಗಂಡಸರೂ ಅದರಿಂದ ತಲೆ ಕೆಳಗಾಗಿ ಬೀಳುತ್ತಿದ್ದುದು ವಿರಳವೇನಲ್ಲ. ಆದುದರಿಂದ ದಂಪತಿಗಳಿಗೆ ಆಗ ಗತಿಯಾಗಿದ್ದುದು ಮೂರು ಚಕ್ರದ ಬಂಡಿ. ಚಿತ್ರಕಾರನಾದ ಜೋಸೆಫ್ ಪೆನೆಲ್ ಮತ್ತು ಲೇಖಕಿಯಾದ ಅವನ ಹೆಂಡತಿ ಎಲಿಜಬೆತ್ ರಾಬಿನ್ಸ್ ಪೆನೆಲ್ ಇಬ್ಬರೂ ಅಂತಹ ಒಂದು ಜೋಡಿಬಂಡಿಯಲ್ಲಿ ಲಂಡನ್ನಿನಿಂದ ಕ್ಯಾಂಟರ್ಬರಿಗೆ ಯಾತ್ರೆ ಹೋಗಿ, 1885ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಆಕೆಯೇ 1898ರಲ್ಲಿ ಪ್ರಕಟಿಸಿದ ಇನ್ನೊಂದು ಪುಸ್ತಕದಲ್ಲಿ ಗಂಡಹೆಂಡಿರು ಆಲ್ಪ್ಸ್ ಪರ್ವತವನ್ನು ದಾಟುವುದು ಬೈಸಿಕಲ್ಲಿನ ಮೇಲೆ. ನಡುವಿನ ಹದಿಮೂರು ವರ್ಷಗಳಲ್ಲಿ ಯಂತ್ರ ಎಷ್ಟು ಮುಂದುವರಿಯಿತೋ, ಅದರ ಮೇಲೆ ಕುಳಿತ ಹೆಣ್ಣಿನ ಸ್ಥಾನವೂ ಅಷ್ಟು ಮುಂದುವರಿಯಿತು.

ನಮ್ಮ ದೇಶಕ್ಕೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. ಅಮೆರಿಕಾದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಅವಳ ಗಂಡ ವಿಲಿಯಂ ಹಂಟರ್ ವರ್ಕ್‌ಮನ್, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಭರತಖಂಡವನ್ನು ಬೈಸಿಕಲ್ಲಿನಲ್ಲಿ ಸುತ್ತಿದರು. 1904ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ, ಈ ದೇಶದ ದೇವಾಲಯಗಳ ಮತ್ತು ಜನರ ನಡುವೆ ಚಕ್ರದ ಮೇಲೆ 14,000 ಮೈಲಿ ಎಂಬ ಲೆಕ್ಕವಿದೆ. ಈ ಫ್ಯಾನಿಯೇ ಮುಂದೆ ಹಿಮಪರ್ವತಗಳನ್ನು ಹತ್ತುವುದರಲ್ಲಿ ಹೆಸರಾಂತಳಾದಳು. 1912ರಲ್ಲಿ ಕಾರಾಕೋರಂ ಪರ್ವತದ ಸಿಯಾಚಿನ್ ಪ್ರಾಂತದಲ್ಲಿ, ಸುಮಾರು 21,000 ಅಡಿ ಎತ್ತರದಲ್ಲಿ, ಹೆಂಗಸರಿಗೆ ಮತಾಧಿಕಾರ ಬೇಕೆಂಬ ಶಿರೋನಾಮೆಯ ಪತ್ರಿಕೆಯನ್ನು ಬಿಡಿಸಿ ಹಿಡಿದು ನಿಂತು ಚಿತ್ರ ತೆಗೆಸಿಕೊಂಡಳು. ಬೈಸಿಕಲ್ಲಿನಿಂದ ಆರಂಭವಾದ ಏರು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಇದೊಂದು ಸಾಕ್ಷಿ.

ಇಲ್ಲಿ ಗಮನಿಸಬೇಕಾದ ಅಂಶ, ಇಬ್ಬರಿಗೆ ಎರಡು ಬೈಸಿಕಲ್ಲು ಎಂಬುದು. ನಮ್ಮ ಊರುಗಳಲ್ಲಿ ಗಂಡಹೆಂಡಿರು ಒಟ್ಟಾಗಿ ಹೋಗುವುದೆಂದರೆ ಬಹುಕಾಲದಿಂದ ಒಂದೇ ವಾಹನ. ಮೊದಲು ಬೈಸಿಕಲ್ಲಿನ ಕ್ಯಾರಿಯರು, ಅನಂತರ ಸ್ಕೂಟರಿನ ಹಿಂದಿನ ಸೀಟು, ಈಗ ಮೋಟಾರು ಬೈಕಿನ ಹಿಂಬದಿ. ಹೀಗೆ ಹೋಗುವುದರಲ್ಲಿ ಸುಖವಿಲ್ಲವೆಂದಲ್ಲ. ಮಾತಿಗೆ ಅನುಕೂಲ, ಖರ್ಚೂ ಕಡಮೆ. ಆದರೆ ಮುಂದೆ ಕುಳಿತವನಿಗೆ ರಸ್ತೆ ಕಾಣುತ್ತದೆ. ಹಿಂದೆ ಕುಳಿತವಳಿಗೆ ಕಾಣುವುದು ಮುಂದೆ ಕುಳಿತವನ ಬೆನ್ನು. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಯಾವ ಹಳ್ಳವನ್ನು ತಪ್ಪಿಸಬೇಕು, ಎಂಬುದನ್ನೆಲ್ಲ ಬೇರೊಬ್ಬರು ತೀರ್ಮಾನಿಸಿದ ದಾರಿಯಲ್ಲಿ ನೂರು ಸಲ ಹೋದರೂ ಆ ದಾರಿ ನಮ್ಮದಾಗುವುದಿಲ್ಲ. ಒಂದು ಸಲ ನಾವೇ ತುಳಿದು ಹೋದರೆ ಅದರ ಒಂದೊಂದು ಏರೂ ನೆನಪಿನಲ್ಲಿ ನಿಲ್ಲುತ್ತದೆ. ಏಕೆಂದರೆ ನೆನಪಿಟ್ಟುಕೊಳ್ಳುವುದು ತಲೆಯಲ್ಲ, ಕಾಲು.

ಇನ್ನು ಒಂದು ದಿನದ ಸಂಚಾರಕ್ಕೆ ತಕ್ಕ ದಾರಿ. ಮೈಸೂರಿನವರಿಗೆ ಮೇಲುಕೋಟೆಗಿಂತ ಚೆಲುವಾದದ್ದು ದೊರೆಯುವುದು ಕಷ್ಟ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿಗಳ ಮೇಲೆ ಹೋದರೆ ಸುಮಾರು 50 ಕಿಲೋಮೀಟರು, ಹೋಗಿಬರಲು 100. ಮೈಸೂರು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಮೇಲೆ. ಅಲ್ಲಿಂದ ರಸ್ತೆ ಕಾವೇರಿಯ ಕಡೆಗೆ ಇಳಿಯುತ್ತದೆ. ನದಿಯನ್ನು ದಾಟಿ ಮೆಲ್ಲನೆ ಏರುತ್ತದೆ. ಕೊನೆಗೆ ಯದುಗಿರಿಯ ಬೆಟ್ಟವನ್ನು ಹತ್ತುತ್ತದೆ. ಹಿಂತಿರುಗುವಾಗ ಇದೇ ಪಾಠ ತಲೆಕೆಳಗು: ದೊಡ್ಡ ಇಳಿತ ಮೊದಲು, ಮನೆಯ ಬಾಗಿಲಿನ ಏರು ಕೊನೆಗೆ. ಕಾಲೇಜಿಗೆ ರಜೆಯಿದ್ದ ಜನವರಿಯ ಒಂದು ಶನಿವಾರ ನಾವಿಬ್ಬರೂ ಈ ದಾರಿ ಹಿಡಿದೆವು. ಚಳಿಗಾಲವನ್ನು ಆರಿಸಿಕೊಂಡುದಕ್ಕೆ ಕಾರಣ ಸ್ಪಷ್ಟ. ಮಳೆಯಿಲ್ಲ, ಮಧ್ಯಾಹ್ನದ ಬಿಸಿಲು ಸುಡುವುದಿಲ್ಲ, ಹೊಲಗಳಲ್ಲಿ ಸುಗ್ಗಿ.

ಸಾಮಾನು ಹೆಚ್ಚಿರಬಾರದು. ಎರಡು ಟ್ಯೂಬು, ಪಂಚರ್ ಹಾಕುವ ಸಾಮಗ್ರಿ, ಕೈಪಂಪು, ಒಂದೆರಡು ಸ್ಪಾನರು, ತಲೆಗೆ ಶಿರಸ್ತ್ರಾಣ, ಹಿಂದಕ್ಕೂ ಮುಂದಕ್ಕೂ ದೀಪ, ನೀರು, ಬಾಳೆಹಣ್ಣು, ಕಡಲೆಬೀಜದ ಉಂಡೆ. ನಮ್ಮ ಮನೆಯವರು ಇದಕ್ಕೆ ಒಂದು ಪೊಟ್ಟಣ ಅವಲಕ್ಕಿಯನ್ನೂ ಸೇರಿಸಿದರು. ಪಂಚರ್ ಹಾಕುವುದನ್ನು ಇಬ್ಬರೂ ಕಲಿತಿರತಕ್ಕದ್ದು. ಒಬ್ಬರಿಗೆ ಮಾತ್ರ ಬರುವ ವಿದ್ಯೆ ಇನ್ನೊಬ್ಬರನ್ನು ಮತ್ತೆ ಹಿಂದಿನ ಸೀಟಿಗೇ ಕಳುಹಿಸುತ್ತದೆ.

ಬೆಳಗ್ಗೆ ಐದೂವರೆಗೆ ದೀಪ ಹಚ್ಚಿಕೊಂಡು ಹೊರಟೆವು. ಹೆದ್ದಾರಿಯ ನಡುವಿನ ಪಥ ನಮ್ಮಂತಹವರದಲ್ಲ. ಪಕ್ಕದ ರಸ್ತೆಯೇ ಲೇಸು. ನದಿಯವರೆಗೆ ಇಳಿಜಾರಾದುದರಿಂದ ತುಳಿಯುವ ಕೆಲಸ ಕಡಮೆ, ಚಳಿಯ ಕಾಟ ಹೆಚ್ಚು. ಶ್ರೀರಂಗಪಟ್ಟಣದ ದ್ವೀಪವನ್ನು ದಾಟುವ ಹೊತ್ತಿಗೆ ಪೂರ್ವದಲ್ಲಿ ಕೆಂಪೇರಿತ್ತು. ಕಾವೇರಿಯ ಉತ್ತರದ ಕವಲಿನ ಮೇಲೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು, ಮಂಜಿನಲ್ಲಿ ಅರ್ಧ ಮರೆಯಾಗಿ ನಿಂತಿದ್ದುವು. ಅಲ್ಲಿಂದ ಮುಂದೆ ಬಯಲು. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಸೀಮೆ ಇದು. ಬತ್ತ, ಕಬ್ಬು, ತೆಂಗು. ಅಲ್ಲಲ್ಲಿ ಆಲೆಮನೆಗಳ ಹೊಗೆ.

ಈ ಬಯಲಿನಲ್ಲಿ ಮೊದಲನೆಯ ನೀತಿ ಅನ್ವಯಿಸುತ್ತದೆ. ಸಮತಟ್ಟಾದ ದಾರಿಯಲ್ಲಿ ಬೈಸಿಕಲ್ಲಿಗೆ ದೊಡ್ಡ ಶತ್ರು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಮಡಿಯಾಗುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ಮುಂದೆ ಹೋಗುವವನು ಗಾಳಿಯನ್ನು ಸೀಳಿದರೆ, ಅವನ ಬೆನ್ನ ಹಿಂದೆಯೇ ಬರುವವರಿಗೆ ಆ ತಡೆ ಬಹಳಷ್ಟು ತಗ್ಗುತ್ತದೆ. ಆದುದರಿಂದ ಬಯಲಿನಲ್ಲಿ, ಅದರಲ್ಲಿಯೂ ಎದುರುಗಾಳಿಯಲ್ಲಿ, ಹೆಚ್ಚು ಶಕ್ತಿಯುಳ್ಳವರು ಮುಂದಿರಬೇಕು. ಇದರಲ್ಲಿ ಹಿರಿಮೆಯೇನೂ ಇಲ್ಲ. ಗೋಡೆಯ ಕೆಲಸ ಅಷ್ಟೆ. ನಮ್ಮಿಬ್ಬರಲ್ಲಿ ಕಾಲಿನ ಬಲ ನಮಗೆ ಸ್ವಲ್ಪ ಹೆಚ್ಚಾದುದರಿಂದ, ಮೂಡಣ ಗಾಳಿಯನ್ನು ತಡೆಯುವ ಭಾರ ನಮ್ಮ ಮೇಲೆ ಬಿದ್ದಿತು.

ಪಾಂಡವಪುರಕ್ಕೆ ಹಿರೋಡೆ ಎಂಬುದು ಹಳೆಯ ಹೆಸರು. ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಪಾಂಡವರು ಅಲ್ಲಿದ್ದರೆಂದು ಐತಿಹ್ಯ. ಪಕ್ಕದ ಕುಂತಿಬೆಟ್ಟದ ಬಂಡೆಗಳು ಅದಕ್ಕೆ ಆಧಾರವೆಂದು ಊರಿನವರು ತೋರಿಸುತ್ತಾರೆ. ಊರನ್ನು ದಾಟಿದ ಮೇಲೆ ನೀರಾವರಿ ಬರಬರುತ್ತ ಹಿಂದಾಗಿ, ರಾಗಿ ಹುರುಳಿಗಳ ಬೆದ್ದಲು ಮೊದಲಾಗುತ್ತದೆ. ನೆಲವೂ ಅಲೆಯಲೆಯಾಗಿ ಏಳತೊಡಗುತ್ತದೆ.

ಇಲ್ಲಿ ಸಮವಸ್ತ್ರ ತೊಟ್ಟ ಒಬ್ಬ ಹುಡುಗಿ ಹಿಂದಿನಿಂದ ಬಂದು ನಮ್ಮ ಮನೆಯವರ ಜೊತೆ ಸರಿಸಮನಾಗಿ ತುಳಿಯತೊಡಗಿದಳು. ಶನಿವಾರದ ಬೆಳಗಿನ ಶಾಲೆ. ಅವಳ ಬೈಸಿಕಲ್ಲು ಹಳೆಯದು, ಬಣ್ಣವೆಲ್ಲ ಹೋಗಿತ್ತು. ಆದರೆ ಕಾಲಿನಲ್ಲಿ ಕಸುವಿತ್ತು.

"ನಿಮ್ದು ಗೇರ್ ಸೈಕಲ್ಲಾ ಆಂಟಿ?" ಎಂದಳು.

"ಹೌದಮ್ಮ. ನಿಂದು ಹೊಸದು ಕೊಡಿಸಲಿಲ್ಲವಾ?"

"ಇದು ನಮ್ಮಕ್ಕಂದು. ಅವ್ಳಿಗೆ ಇಸ್ಕೂಲಲ್ಲಿ ಕೊಟ್ಟಿದ್ರು."

"ಅಕ್ಕ ಈಗ ಏನು ಮಾಡ್ತಾಳೆ?"

"ಮದ್ವೆ ಆಯ್ತು. ಕೆ.ಆರ್. ಪೇಟೆ ಕಡೆ ಕೊಟ್ಟವ್ರೆ."

"ಅಲ್ಲಿ ಸೈಕಲ್ ಹೊಡೀತಾಳಾ?"

"ಇಲ್ಲ. ಎಲ್ಗಾದ್ರೂ ವೋಗ್ಬೇಕಾದ್ರೆ ಬಾವ ಬೈಕಲ್ಲಿ ಕರ್ಕೊಂಡೋಯ್ತರೆ."

"ಭಾವ ಊರಲ್ಲಿ ಇಲ್ಲದಿದ್ದರೆ?"

"ವೋಗಕಿಲ್ಲ," ಎಂದು ಹೇಳಿ, ಶಾಲೆಯ ತಿರುವು ಬಂದುದರಿಂದ ಕೈ ಬೀಸಿ ಹೊರಟುಹೋದಳು.

ಕರ್ನಾಟಕ ಸರ್ಕಾರ 2006–07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಬೈಸಿಕಲ್ಲು ಕೊಡುವ ಏರ್ಪಾಡನ್ನು ಆರಂಭಿಸಿ, ಅನಂತರ ಹುಡುಗರಿಗೂ ವಿಸ್ತರಿಸಿತು. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ, ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ಸಾಕ್ಷರತಾ ಆಂದೋಲನದಲ್ಲಿ ಹಳ್ಳಿಯ ಹೆಂಗಸರು ಅಕ್ಷರದ ಜೊತೆಗೆ ಬೈಸಿಕಲ್ಲನ್ನೂ ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಎರಡೂ ಬಹು ದೊಡ್ಡ ಕೆಲಸಗಳು. ಆದರೆ ಕಲಿಸುವುದು ಒಂದು, ಕಲಿತದ್ದು ಉಳಿಯುವುದು ಮತ್ತೊಂದು. ಶಾಲೆಯವರೆಗೆ ಹೋಗಲು ಹೆಣ್ಣಿಗೆ ಬೈಸಿಕಲ್ಲು ಬೇಕೆಂದು ಒಪ್ಪಿದ ಮನೆಗಳು, ಶಾಲೆ ಮುಗಿದ ಮೇಲೆ ಅವಳಿಗೆ ಹೋಗಬೇಕಾದ ಸ್ಥಳವೇ ಇಲ್ಲವೆಂದು ಭಾವಿಸಿದಂತೆ ತೋರುತ್ತದೆ. ಅಕ್ಕನಿಗೆ ಕೊಟ್ಟ ಬೈಸಿಕಲ್ಲು ತಂಗಿಗೆ ಬಂದಿತು, ಸಂತೋಷ. ಅಕ್ಕನಿಗೆ ಬಂದಿದ್ದ ವಿದ್ಯೆ ಎಲ್ಲಿಗೆ ಹೋಯಿತು? ಆ ಪ್ರಶ್ನೆಯನ್ನು ನಾವಿಬ್ಬರೂ ಗಟ್ಟಿಯಾಗಿ ಆಡಲಿಲ್ಲ. ಆದರೆ ಮುಂದಿನ ಒಂದೆರಡು ಮೈಲಿ ಇಬ್ಬರೂ ಮಾತನಾಡಲಿಲ್ಲ.

ಸುಗ್ಗಿಯ ಕಾಲದಲ್ಲಿ ಈ ರಸ್ತೆಗಳಲ್ಲಿ ಒಂದು ಎಚ್ಚರಿಕೆ ಬೇಕು. ರೈತರು ಕೊಯ್ದ ರಾಗಿಯನ್ನೂ ಹುರುಳಿಯನ್ನೂ ಡಾಮರಿನ ಮೇಲೆಯೇ ಹರಡುತ್ತಾರೆ. ಓಡಾಡುವ ಲಾರಿ ಬಸ್ಸುಗಳು ದುಡ್ಡಿಲ್ಲದೆ ಒಕ್ಕಣೆ ಮಾಡಿಕೊಡುತ್ತವೆ. ಮೋಟಾರಿನವರಿಗೆ ಇದು ಲೆಕ್ಕಕ್ಕಿಲ್ಲ. ಬೈಸಿಕಲ್ಲಿಗೆ ಹುರುಳಿಯ ಬಳ್ಳಿ ಚೈನಿಗೂ ಹಲ್ಲುಚಕ್ರಕ್ಕೂ ಸುತ್ತಿಕೊಳ್ಳುತ್ತದೆ. ಅದರ ಕೆಳಗಿನ ಕಾಳು ಮಣಿಯಂತೆ ಜಾರುತ್ತದೆ. ಇಳಿದು ಪಕ್ಕದಲ್ಲಿ ನಡೆದು ದಾಟುವುದೇ ಸರಿ. ಹಾಗೆ ದಾಟುವಾಗ ಮೊರ ಹಿಡಿದಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿ, "ಯಾಕ್ರವ್ವ, ಬಸ್ಸು ನಿಂತೋಯ್ತಾ?" ಎಂದು ಮರುಕದಿಂದ ಕೇಳಿದಳು. ನಮ್ಮ ಮನೆಯವರು ಬಸ್ಸು ನಿಂತಿಲ್ಲವೆಂದೂ, ಇಷ್ಟಪಟ್ಟೇ ಹೀಗೆ ಬಂದಿರುವೆವೆಂದೂ ವಿವರಿಸಿದರು. ಮುದುಕಿ ನಂಬಿದಂತೆ ಕಾಣಲಿಲ್ಲ.

ಜಕ್ಕನಹಳ್ಳಿಯಲ್ಲಿ ಇಡ್ಲಿ ತಿಂದು ಕಾಫಿ ಕುಡಿದೆವು. ಅಲ್ಲಿಂದ ಎದುರಿಗೆ ಯೋಗಾನರಸಿಂಹನ ಬೆಟ್ಟ, ಅದರ ನೆತ್ತಿಯ ಮೇಲೆ ಬಿಳಿಯ ಗೋಪುರ. ಮುಂದೆ ಏರು. ಏರಿನ ಶಾಸ್ತ್ರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಳೆಯ ಕಾಲದ ಒಂದೇ ಗೇರಿನ ಬೈಸಿಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18 ಎಂದಿಟ್ಟುಕೊಳ್ಳಿ. 28 ಅಂಗುಲದ ಚಕ್ರವಾದರೆ, ಪೆಡಲು ಒಂದು ಸುತ್ತು ತಿರುಗಿದಾಗ ಬಂಡಿ ಸುಮಾರು 6 ಮೀಟರು ಮುಂದೆ ಹೋಗುತ್ತದೆ. ಮುಂದೆ ಹಿಂದೆ ಹಲ್ಲುಗಳು ಸಮನಾಗಿರುವಂತೆ ಗೇರನ್ನು ಬದಲಾಯಿಸಿದರೆ, ಅದೇ ಒಂದು ಸುತ್ತಿಗೆ ಹೋಗುವುದು ಸುಮಾರು ಎರಡೂಕಾಲು ಮೀಟರು. ನೂರು ಅಡಿ ಎತ್ತರವನ್ನು ಏರಲು ಮಾಡಬೇಕಾದ ಕೆಲಸ ಎರಡರಲ್ಲಿಯೂ ಒಂದೇ. ಗೇರು ಆ ಕೆಲಸವನ್ನು ಕಡಮೆ ಮಾಡುವುದಿಲ್ಲ. ಸಣ್ಣ ಸಣ್ಣ ಕಂತುಗಳಾಗಿ ಹಂಚಿಕೊಡುತ್ತದೆ. ದೊಡ್ಡ ಸಾಲವನ್ನು ಕಂತಿನಲ್ಲಿ ತೀರಿಸುವ ಗೃಹಸ್ಥರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಆ ಕಂತಿನ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ಒಬ್ಬರ ಲಯವನ್ನು ಮತ್ತೊಬ್ಬರು ಅನುಸರಿಸಹೋದರೆ, ವೇಗವಾಗಿ ಹೋಗುವವರು ನಿಧಾನದಿಂದ ತತ್ತರಿಸುತ್ತಾರೆ. ನಿಧಾನವಾಗಿ ಹೋಗುವವರು ವೇಗದಿಂದ ಉಸಿರುಗಟ್ಟುತ್ತಾರೆ.

ಹಾಗಾದರೆ ಏರಿನಲ್ಲಿ ಒಟ್ಟಾಗಿ ಹೋಗುವ ಬಗೆ ಹೇಗೆ? ನಮ್ಮ ಮನೆಯವರು ಕಾಫಿಯ ಲೋಟವನ್ನು ಕೆಳಗಿಟ್ಟು ಹೇಳಿದರು:

"ಏರಿನಲ್ಲಿ ನಾನು ಮುಂದಿರ್ತೀನಿ. ನೀವು ಮುಂದೆ ಹೋದ್ರೆ ನಾನು ರಸ್ತೆ ನೋಡೋದಿಲ್ಲ. ನೀವು ಎಷ್ಟು ದೂರ ಹೋದ್ರಿ ಅನ್ನೋದನ್ನೇ ನೋಡ್ತಿರ್ತೀನಿ."

ಬೆಟ್ಟ ಹತ್ತುವವರೆಲ್ಲರೂ ಕೇಳತಕ್ಕ ಮಾತು ಇದು. ಏರಿನಲ್ಲಿ ವೇಗ ಕಡಮೆಯಾದುದರಿಂದ ಗಾಳಿಯ ಲೆಕ್ಕವಿಲ್ಲ. ಬಲವುಳ್ಳವರು ಮುಂದೆ ಹೋಗುವುದರಿಂದ ಹಿಂದಿನವರಿಗೆ ಕಿಂಚಿತ್ತೂ ಪ್ರಯೋಜನವಿಲ್ಲ. ಅದಕ್ಕೆ ಬದಲಾಗಿ ಹಿಂದೆ ಉಳಿದವರ ಮನಸ್ಸಿನಲ್ಲಿ ಆ ಅಂತರ ಒಂದು ಭಾರವಾಗಿ ಕುಳಿತುಕೊಳ್ಳುತ್ತದೆ. ಮುಂದೆ ಹೋದವರು ತಿರುವಿನಲ್ಲಿ ನಿಂತು ಕಾಯುವುದು ಉಪಕಾರದಂತೆ ಕಂಡರೂ ಉಪಕಾರವಲ್ಲ. ಕಾದವರಿಗೆ ವಿಶ್ರಾಂತಿಯಾಗಿರುತ್ತದೆ, ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುವಷ್ಟರಲ್ಲಿಯೇ ಅವರು ಮತ್ತೆ ಹೊರಡುತ್ತಾರೆ. ವಿಶ್ರಾಂತಿ ಯಾರಿಗೆ ಬೇಕೋ ಅವರಿಗೇ ಅದು ದೊರೆಯುವುದಿಲ್ಲ. ನಿಧಾನವಾದವರು ಮುಂದಿದ್ದರೆ ಲಯ ಅವರದು, ದಾರಿ ಅವರದು, ನಿಲ್ಲುವ ತೀರ್ಮಾನವೂ ಅವರದು. ಹಿಂದಿರುವವರು ಗೇರನ್ನು ಇನ್ನೊಂದು ಮೆಟ್ಟಿಲು ಇಳಿಸಿಕೊಂಡರೆ ಸಾಕು.

ಮೊದಲನೆಯ ತಿರುವು ಸುಲಭವಾಗಿ ಕಳೆಯಿತು. ಎರಡನೆಯದರ ಹತ್ತಿರ ಏರು ಕಡಿದಾಯಿತು. ನಮ್ಮ ಮನೆಯವರ ಮುಂದಿನ ಚಕ್ರ ಅತ್ತಿತ್ತ ಓಲಾಡತೊಡಗಿತು. ಇಂತಹ ಸಮಯದಲ್ಲಿ ಪಕ್ಕಕ್ಕೆ ಬಂದು ಬೆನ್ನಿಗೆ ಕೈಕೊಟ್ಟು ನೂಕುವವರನ್ನು ನೋಡಿದ್ದೇವೆ. ಸ್ಪರ್ಧಾಳುಗಳು ಮಾಡಬಹುದು; ಗೃಹಸ್ಥರು ಮಾಡಿದರೆ ಒಬ್ಬರ ಬದಲು ಇಬ್ಬರು ಬೀಳುವ ಸಂಭವ ಹೆಚ್ಚು. ಅಷ್ಟರಲ್ಲಿ ಹಿಂದಿನಿಂದ ಬಂದ ಒಂದು ಗೂಡ್ಸ್ ಆಟೋ ನಿಂತಿತು. ಅದರ ಚಾಲಕ ಒಳ್ಳೆಯ ಮನುಷ್ಯ. ತಲೆ ಹೊರಗೆ ಹಾಕಿ, ಮುಂದೆ ಇದ್ದ ನಮ್ಮ ಮನೆಯವರನ್ನು ದಾಟಿಸಿ ನೋಡಿ, ನಮ್ಮನ್ನು ಕೇಳಿದನು: "ಸಾರ್, ಅವ್ವಾರಿಗೆ ಆಯ್ತಿಲ್ಲ. ಸೈಕಲ್ ಹಿಂದ್ಕೆ ಹಾಕಿ ಅವರನ್ನ ಹತ್ತಿಸ್ಲಾ?"

ಉತ್ತರ ಯಾರು ಕೊಡಬೇಕಾಗಿತ್ತೋ ಅವರೇ ಕೊಟ್ಟರು. "ಬೇಡಪ್ಪ. ಹತ್ತೋದಕ್ಕೇ ಬಂದಿರೋದು," ಎಂದು, ಬೈಸಿಕಲ್ಲಿನಿಂದ ಇಳಿದು, ಹ್ಯಾಂಡಲು ಹಿಡಿದು ನಡೆಯತೊಡಗಿದರು. ನಾವೂ ಇಳಿದೆವು. ಬೈಸಿಕಲ್ಲನ್ನು ತಳ್ಳಿಕೊಂಡು ಏರುವುದು ಅವಮಾನವೆಂದು ಕೆಲವರು ತಿಳಿದಿದ್ದಾರೆ. ಆಲ್ಪ್ಸ್ ದಾಟಿದವರೂ ಅನೇಕ ಸಲ ತಳ್ಳಿಕೊಂಡೇ ದಾಟಿದರು. ಸುಮಾರು ಇನ್ನೂರು ಹೆಜ್ಜೆ ನಡೆದ ಮೇಲೆ ಏರು ಸಡಿಲವಾಯಿತು. ಅಲ್ಲಿ ಹೇಳದೆ ಕೇಳದೆ ಅವರು ಮತ್ತೆ ಏರಿ ಕುಳಿತರು. ಒಂಬತ್ತೂಮುಕ್ಕಾಲರ ಹೊತ್ತಿಗೆ ಊರಿನ ಮೊದಲ ಮನೆಗಳು ಕಂಡುವು. ಊರನ್ನು ಮೊದಲು ಪ್ರವೇಶಿಸಿದವರು ಅವರೇ.

ಮೇಲುಕೋಟೆಯನ್ನು ಬಣ್ಣಿಸಲು ಈ ಹೊತ್ತು ಸಾಲದು. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ನೆಲೆಸಿದ್ದ ಸ್ಥಳ, ಚೆಲುವನಾರಾಯಣನ ವೈರಮುಡಿಯ ಉತ್ಸವಕ್ಕೆ ನಾಡಿನ ಜನವೆಲ್ಲ ಸೇರುವ ಸ್ಥಳ, 1905ರಲ್ಲಿ ಪು. ತಿ. ನರಸಿಂಹಾಚಾರ್ಯರು ಹುಟ್ಟಿದ ಊರು. ಕಲ್ಯಾಣಿಯ ಮೆಟ್ಟಿಲಲ್ಲಿ ಕುಳಿತು ಕಾಲು ಚಾಚಿದೆವು. ಪುಳಿಯೋಗರೆಯ ರುಚಿಯ ವಿಷಯವಾಗಿ ಹೊಸದಾಗಿ ಹೇಳತಕ್ಕದ್ದು ಏನೂ ಇಲ್ಲ. 50 ಕಿಲೋಮೀಟರು ತುಳಿದು ಬಂದವರಿಗೆ ಅದು ಹೆಚ್ಚು ರುಚಿಸುತ್ತದೆಂಬುದೊಂದನ್ನು ಸೇರಿಸಬಹುದು. ಊಟವಾದ ಮೇಲೆ, ಮುಗಿಯದೆ ನಿಂತ ರಾಯಗೋಪುರವನ್ನು ನೋಡಿಕೊಂಡು, ಪಕ್ಕದ ಅಕ್ಕತಂಗಿಯರ ಕೊಳಗಳಿಗೆ ಹೋದೆವು. ಇಬ್ಬರು ಸೋದರಿಯರು ಒಂದೊಂದು ಕೊಳ ತೋಡಿಸಿದರಂತೆ. ಒಂದೇ ಬಂಡೆಯ ನೆಲ, ನಡುವೆ ಕೆಲವೇ ಹೆಜ್ಜೆ. ಆದರೂ ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಅಲ್ಲವೆಂದು ಜನ ಹೇಳುತ್ತಾರೆ. ದಾನ ಮಾಡುವಾಗ ಒಬ್ಬಳ ಮನಸ್ಸು ಧಾರಾಳ, ಇನ್ನೊಬ್ಬಳದು ಲೆಕ್ಕಾಚಾರ ಎಂದು ಕಾರಣ ಕೊಡುತ್ತಾರೆ. ನಮ್ಮ ಮನೆಯವರು ಆ ಕಥೆಯನ್ನು ಒಪ್ಪಲಿಲ್ಲ. "ನೀರು ಕೆಟ್ಟರೆ ತೋಡಿಸಿದವಳ ಗುಣ ಯಾಕೆ? ನೀರು ಎಲ್ಲಿಂದ ಬಂತು ಅಂತ ನೋಡಬೇಡವೆ?" ಎಂದರು. ಬೆಳಗಿನ ಹುಡುಗಿಯ ಅಕ್ಕ ಅವರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲವೆಂದು ನಮಗೆ ತೋರಿತು.

ಇಳಿಯುವಾಗಿನ ನೀತಿ ಮೂರನೆಯದು: ಇಳಿತದಲ್ಲಿ ಯಾರೂ ಯಾರ ಜೊತೆಯಲ್ಲಿಯೂ ಹೋಗಬಾರದು. ನಡುವೆ ನಲವತ್ತು ಐವತ್ತು ಮಾರು ಅಂತರವಿರಬೇಕು. ಏರಿದ ಎತ್ತರವೆಲ್ಲ ಈಗ ವೇಗವಾಗಿ ಹಿಂದಿರುಗುತ್ತದೆ. ಆ ವೇಗವನ್ನು ತಡೆದರೆ ಅದು ಬ್ರೇಕಿನಲ್ಲಿ ಬಿಸಿಯಾಗಿ ಹೊರಬೀಳುತ್ತದೆ. ಒಂದೇ ಸಮನೆ ಬ್ರೇಕನ್ನು ಅದುಮಿ ಹಿಡಿದರೆ ಚಕ್ರದ ಅಂಚು ಕಾಯುತ್ತದೆ. ಮುಂದಿನ ಬ್ರೇಕೊಂದನ್ನೇ ಬಲವಾಗಿ ಹಿಡಿದರೆ ಸವಾರನು ಹ್ಯಾಂಡಲಿನ ಮೇಲೆ ಹಾರುತ್ತಾನೆ. ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಹಿಡಿದು ಬಿಟ್ಟು, ವೇಗವನ್ನು ತಗ್ಗಿಸಿಕೊಂಡು ತಿರುಗಬೇಕು. ಎಷ್ಟು ವೇಗ ಸರಿ ಎಂಬುದು ಅವರವರ ಧೈರ್ಯಕ್ಕೆ ಬಿಟ್ಟದ್ದು. ಇನ್ನೊಬ್ಬರ ಧೈರ್ಯವನ್ನು ಸಾಲ ತರಲಾಗದು. ನಮ್ಮ ಮನೆಯವರು ಇಳಿತದಲ್ಲಿ ನಮಗಿಂತ ಧೈರ್ಯಶಾಲಿಗಳು. ಏರುವಾಗ ಎಷ್ಟು ನಿಧಾನವೋ ಇಳಿಯುವಾಗ ಅಷ್ಟೇ ಚುರುಕು. ಬೆಟ್ಟದ ಬುಡದಲ್ಲಿ ನಾವು ಅವರನ್ನು ಕಂಡಾಗ ಅವರು ಮರದ ನೆರಳಿನಲ್ಲಿ ನೀರು ಕುಡಿಯುತ್ತಿದ್ದರು.

ದಾರಿಯಿಂದ ಸ್ವಲ್ಪ ಒಳಕ್ಕೆ ತೊಣ್ಣೂರು ಕೆರೆಯುಂಟು. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಪುರಾತನ ಜಲಾಶಯ. ರಾಮಾನುಜರ ಹೆಸರಿನೊಡನೆ ಹೆಣೆದುಕೊಂಡಿದೆ. ಮುತ್ತಿನಂತೆ ತಿಳಿಯಾದ ಅದರ ನೀರಿಗಾಗಿ ಮೋತಿ ತಲಾಬ್ ಎಂದೂ ಹೆಸರು ಬಂದಿದೆ. ಅದರ ಏರಿಯ ಮೇಲೆ ಒಂದು ಗಂಟೆ ಕಳೆದೆವು. ಅವಲಕ್ಕಿಯ ಪೊಟ್ಟಣ ಬಿಚ್ಚಿದುದು ಅಲ್ಲಿಯೇ.

ಶ್ರೀರಂಗಪಟ್ಟಣಕ್ಕೆ ಹಿಂತಿರುಗಿದಾಗ ಐದು ಗಂಟೆ. ಉಳಿದದ್ದು ಮೈಸೂರಿನ ಏರು. ಬೆಳಗ್ಗೆ ಅರಿವಿಗೇ ಬಾರದೆ ಇಳಿದು ಬಂದ ಆ ದಾರಿ, ಸಂಜೆ ತನ್ನ ಲೆಕ್ಕವನ್ನು ಬಡ್ಡಿ ಸಹಿತ ವಸೂಲು ಮಾಡುತ್ತದೆ. ದಿನವೆಲ್ಲ ಬಯಲಿನಲ್ಲಿ ಗಾಳಿಯನ್ನು ತಡೆದ ಫಲವೋ, ವಯಸ್ಸಿನ ಫಲವೋ, ನಮ್ಮ ಬಲ ಮೊಣಕಾಲು ನೋಯತೊಡಗಿತು. ಬೆಳಗಿನಿಂದ ತಮ್ಮ ಲಯವನ್ನು ಬಿಡದೆ ತುಳಿದಿದ್ದ ನಮ್ಮ ಮನೆಯವರು ಹೊರಟಾಗ ಹೇಗಿದ್ದರೋ ಹಾಗೆಯೇ ಇದ್ದರು. ನಾವು ಹಿಂದೆ ಬೀಳುತ್ತಿರುವುದನ್ನು ಕಂಡು ಅವರು ನಿಂತು, ರಸ್ತೆಯ ಪಕ್ಕಕ್ಕೆ ಸರಿದು, "ನೀವು ಮುಂದೆ ಹೋಗಿ," ಎಂದರು. ನೀತಿಗೆ ಪಕ್ಷಪಾತವಿಲ್ಲ. ನಿಧಾನವಾದವರು ಮುಂದೆ ಎಂಬುದು ಹೆಂಡತಿಯ ಅನುಕೂಲಕ್ಕಾಗಿ ಮಾಡಿದ ಕಟ್ಟಳೆಯಲ್ಲ. ಆ ಹೊತ್ತಿನಲ್ಲಿ ಯಾರಿಗೆ ಕಷ್ಟವೋ ಅವರಿಗಾಗಿ ಮಾಡಿದ್ದು. ಆ ಕೊನೆಯ ಏರಿನಲ್ಲಿ ನಮ್ಮ ಲಯದಲ್ಲಿ ನಾವು ಹೋದೆವು, ಹಿಂದಿನಿಂದ ಅವರ ದೀಪದ ಬೆಳಕು ನಮ್ಮ ಮುಂದಿನ ರಸ್ತೆಯ ಮೇಲೆ ಬೀಳುತ್ತಿತ್ತು. ಏಳು ಗಂಟೆಗೆ ಮೊದಲೇ ಊರು ಸೇರಿದೆವು.

ಇಂತಹ ಸಂಚಾರಕ್ಕೆ ಹೊರಡಬೇಕೆನ್ನುವವರು ಮೊದಲನೆಯ ಸಲವೇ ಮೇಲುಕೋಟೆಗೆ ಹೊರಡಬೇಕಾಗಿಲ್ಲ. ಶ್ರೀರಂಗಪಟ್ಟಣದವರೆಗೆ ಹೋಗಿಬಂದರೆ 30 ಕಿಲೋಮೀಟರಾಗುತ್ತದೆ. ಅದನ್ನು ನಾಲ್ಕು ಸಲ ಮಾಡಿದವರಿಗೆ ಪಾಂಡವಪುರ ದೂರವಲ್ಲ. ಬೈಸಿಕಲ್ಲು ಬೆಲೆಯುಳ್ಳದ್ದಾಗಿರಬೇಕೆಂಬುದೂ ಇಲ್ಲ. ಆದರೆ ಇಬ್ಬರಿಗೆ ಎರಡಿರಲಿ. ನೆಂಟರ ಮನೆಯಲ್ಲಿಯೋ ಪಕ್ಕದ ಬೀದಿಯಲ್ಲಿಯೋ, ಹುಡುಗಿಯಾಗಿದ್ದಾಗ ಬೈಸಿಕಲ್ಲು ಕಲಿತು, ಮದುವೆಯಾದ ಮೇಲೆ ಮರೆತ ಹೆಣ್ಣುಮಗಳೊಬ್ಬಳು ಇದ್ದೇ ಇರುತ್ತಾಳೆ. ಬೈಸಿಕಲ್ಲು ಒಮ್ಮೆ ಬಂದರೆ ಮರೆಯುವ ವಿದ್ಯೆಯಲ್ಲ. ಹತ್ತಿ ಕುಳಿತು ನೂರು ಗಜ ಹೋದರೆ ಕಾಲಿಗೆ ಎಲ್ಲವೂ ನೆನಪಾಗುತ್ತದೆ. ಮುಂದಿನ ಭಾನುವಾರ ಅವಳನ್ನೂ ಕರೆಯಿರಿ. ಏರು ಬಂದಾಗ ಅವಳನ್ನು ಮುಂದೆ ಬಿಡಿರಿ. ಹೊರಡುವುದಕ್ಕೆ ಮೊದಲು ಎರಡೂ ಬಂಡಿಗಳ ಗಾಳಿಯನ್ನೂ ಬ್ರೇಕನ್ನೂ ನೋಡಿಕೊಳ್ಳುವುದನ್ನು ಮರೆಯಬಾರದು.